ಎರಡು ಒಲೆಯ ಅಡುಗೆಮನೆ

ಆ ಮನೆಯ ನಕ್ಷೆ ಬರೆಯಲು ಹಲವು ಸಲ ಕೂತಿದ್ದೇನೆ. ಜಗಲಿ, ನಡುಮನೆ, ಕೊಟ್ಟಿಗೆ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಸರಿಯಾಗಿಯೇ ಬಂದು ಕೂರುತ್ತವೆ. ಅಡುಗೆಮನೆ ಮಾತ್ರ ಪ್ರತಿ ಸಲವೂ ಬೇರೆ ಅಳತೆಗೆ ಬರುತ್ತದೆ. ಒಮ್ಮೆ ಅದು ಇಬ್ಬರು ಹೆಂಗಸರು ಕೂತರೆ ಬೆನ್ನಿಗೆ ಬೆನ್ನು ತಾಗುವಷ್ಟು ಇಕ್ಕಟ್ಟು. ಇನ್ನೊಮ್ಮೆ ಬರೆದಾಗ ಈ ಗೋಡೆಯಿಂದ ಆ ಗೋಡೆಗೆ ನಡೆದುಹೋಗಲು ಧೈರ್ಯ ಸಾಲದಷ್ಟು ದೊಡ್ಡದು. ಎರಡೂ ನಿಜವಿರಲಾರದು. ಮನೆಯನ್ನು ಕೆಡವಿ ಬಹಳ ಕಾಲವಾದ್ದರಿಂದ ಹೋಗಿ ಅಳೆಯುವಂತೆಯೂ ಇಲ್ಲ. ಹಾಗಾಗಿ ಮುಂದೆ ಹೇಳುವುದರಲ್ಲಿ ಅಡುಗೆಮನೆ ಹಿಗ್ಗಿದರೆ, ಕುಗ್ಗಿದರೆ ಓದುವವರು ಸಹಿಸಿಕೊಳ್ಳಬೇಕು. ಆ ಕೋಣೆ ನೆನಪಾದಾಗ ನನ್ನ ಕಿವಿ ಬಿಸಿಯಾಗುವುದೊಂದು ಮಾತ್ರ ಈವರೆಗೆ ಬದಲಾಗಿಲ್ಲ.

ಹೊಸನಗರದಿಂದ ನಿಟ್ಟೂರಿಗೆ ಹೋಗುವ ದಾರಿಯಲ್ಲಿ, ಬಸ್ಸು ಯಾರಾದರೂ ಕೈಯೊಡ್ಡಿದರೆ ಮಾತ್ರ ನಿಲ್ಲುತ್ತಿದ್ದ ಒಂದು ತಿರುವಿನ ಕೆಳಗೆ ನಮ್ಮ ಮನೆ. ಅಪ್ಪ ಮತ್ತು ಚಿಕ್ಕಪ್ಪ ಒಡೆಯರ ಗದ್ದೆಯನ್ನು ಗೇಣಿಗೆ ಉಳುತ್ತಿದ್ದರು. ಒಂದು ಜೊತೆ ಎತ್ತು, ಒಂದು ನೇಗಿಲು, ಒಂದು ಒಲೆ. ಕೊನೆಯದು ಮುಖ್ಯ. ನಮ್ಮ ಊರಿನಲ್ಲಿ ಮನೆ ಎಷ್ಟು ಎಂದು ಯಾರಾದರೂ ಕೇಳಿದರೆ ಒಲೆ ಎಷ್ಟು ಹೊತ್ತುತ್ತವೆ ಎಂದು ನೋಡಿ ಹೇಳುತ್ತಿದ್ದರು. ಒಂದೇ ಮಾಡಿನ ಕೆಳಗೆ ಎರಡು ಒಲೆ ಇದ್ದರೆ ಅದು ಎರಡು ಮನೆ. ಅಣ್ಣತಮ್ಮಂದಿರು ಪಾಲಾಗುವುದಕ್ಕೆ ಪಂಚಾಯ್ತಿ ಆಮೇಲೆ, ಗದ್ದೆಯ ಬದು ಆಮೇಲೆ. ಮೊದಲು ಕಿರಿಯ ಸೊಸೆ ಬೇರೆ ಒಲೆ ಹೂಡುತ್ತಿದ್ದಳು. ಅಲ್ಲಿಗೆ ಊರಿಗೆ ತಿಳಿಯಿತು. ಆದ್ದರಿಂದ ಹಳೆಯ ಒಲೆ ಬದಲಿಸುವುದಕ್ಕೂ ಒಂದು ಕ್ರಮವಿತ್ತು. ಬೆಳಿಗ್ಗೆ ಹಳೆಯದನ್ನು ಒಡೆಯಬೇಕು, ಆ ಜಾಗದಲ್ಲೇ ಹೊಸದನ್ನು ಹಾಕಬೇಕು, ಅದು ಒಣಗುವ ತನಕ ಬಚ್ಚಲಿನ ನೀರೊಲೆಯ ಮೇಲೆ ಹೇಗೋ ಬೇಯಿಸಿಕೊಳ್ಳಬೇಕು. ಹಳೆಯದೂ ಹೊಸದೂ ಒಂದು ಗಳಿಗೆಯೂ ಒಟ್ಟಿಗೆ ಇರಬಾರದು.

ನಮ್ಮ ಹಳೆಯ ಒಲೆಯನ್ನು ಅಪ್ಪನ ತಾಯಿ ಹಾಕಿದ್ದು. ಅವಳನ್ನು ನಾನು ನೋಡಿಲ್ಲ. ಒಲೆಯ ಬಾಯಿ ಸವೆದು ಅಗಲವಾಗಿ, ಹಿಂಬದಿಯಲ್ಲಿ ಸೀಳು ಬಿಟ್ಟು, ಉರಿಗಿಂತ ಹೊಗೆಯೇ ಹೆಚ್ಚಾಗಿತ್ತು. ಅವ್ವ ಮತ್ತು ಚಿಕ್ಕವ್ವ ಅದರ ಮುಂದೆ ಸರದಿಯಲ್ಲಿ ಕೂರುತ್ತಿದ್ದರು. ಚಿಕ್ಕವ್ವನಿಗೆ ಏನೂ ಆಗುತ್ತಿರಲಿಲ್ಲ. ಅವ್ವನ ಕಣ್ಣು ಸಂಜೆಯ ಹೊತ್ತಿಗೆ ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು. ಸಾಗರದ ಡಾಕ್ಟರು ನೋಡಿ, ಹೊಗೆಯಿಂದ ದೂರ ಇರದಿದ್ದರೆ ದೃಷ್ಟಿ ಹೋಗುತ್ತದೆ ಎಂದು ಕಳಿಸಿದ್ದರು. ಅಡುಗೆಮನೆಯಲ್ಲಿದ್ದುಕೊಂಡು ಹೊಗೆಯಿಂದ ದೂರ ಇರುವುದು ಹೇಗೆಂದು ಅವ್ವ ಅವರನ್ನು ಕೇಳಲಿಲ್ಲ. ಬಂಗಾರಮ್ಮನನ್ನು ಕೇಳಿದಳು.

ಬಂಗಾರಮ್ಮ ಅವ್ವನ ಗೆಳತಿ. ಇಬ್ಬರೂ ಸಾಗರದ ಕಡೆಯ ಹೊಳೆದಂಡೆಯ ಒಂದೇ ಊರಲ್ಲಿ ಹುಟ್ಟಿ ನಮ್ಮೂರಿಗೇ ಮದುವೆಯಾಗಿ ಬಂದವರು. ಅಣೆಕಟ್ಟಿನ ನೀರು ಏರಿ ಅವರ ತವರು ಮುಳುಗಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ತವರಿನ ಜನ ಎಲ್ಲೆಲ್ಲೋ ಹಂಚಿಹೋಗಿದ್ದರು. ಹಾಗಾಗಿ ಅವ್ವನಿಗೆ ತವರು ಎಂದರೆ ಗದ್ದೆಯಾಚೆಯ ಬಂಗಾರಮ್ಮನ ಮನೆ, ಅವಳಿಗೆ ನಮ್ಮ ಮನೆ. ಆಕೆ ಗಂಡನನ್ನು ಕರೆದುಕೊಂಡು ಅತ್ತೆ ಮಾವನಿಂದ ಬೇರೆ ಒಲೆ ಹೂಡಿದವಳು. ಊರಿನ ಹೆಂಗಸರು ಅವಳ ಬಗ್ಗೆ ಮಾತಾಡುವಾಗ ಆ ಸಂಗತಿಯನ್ನು ಅವಳ ಹೆಸರಿಗಿಂತ ಮೊದಲು ಹೇಳುತ್ತಿದ್ದರು. ಹೊಸನಗರದ ಬ್ಲಾಕ್ ಆಫೀಸಿನವರು ಹೆಂಗಸರನ್ನು ಸೇರಿಸಿ ಹೊಗೆಯಿಲ್ಲದ ಒಲೆ ಮಾಡಿ ತೋರಿಸಿದಾಗ ನಮ್ಮೂರಿಂದ ಹೋಗಿದ್ದವಳು ಅವಳೊಬ್ಬಳೇ. ಬಂದವಳೇ ತನ್ನ ಮನೆಯಲ್ಲಿ ಅದನ್ನು ಮಾಡಿಯೂ ಇದ್ದಳು.

ಚಿಕ್ಕವ್ವ ಮಗಳು ಶಾರದೆಯನ್ನು ಕರೆದುಕೊಂಡು ತೀರ್ಥಹಳ್ಳಿಯಾಚೆಯ ತನ್ನ ತವರಿಗೆ ಹೋದ ದಿನಗಳವು. ಕೊಯ್ಲು ಮುಗಿದಿತ್ತು. ಬಂಗಾರಮ್ಮ ಹುತ್ತದ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದಳು. ಅಂಗಳದಲ್ಲಿ ಅದಕ್ಕೆ ಭತ್ತದ ಹೊಟ್ಟು, ಸಗಣಿ ಸೇರಿಸಿ ಇಬ್ಬರೂ ಸೀರೆ ಮೇಲೆ ಕಟ್ಟಿ ತುಳಿದರು. ಅವ್ವ ನಗುವುದನ್ನು ನಾನು ಹತ್ತಿರದಿಂದ ನೋಡಿದ್ದು ಆಗ. ಹಲ್ಲು ಕಾಣದಂತೆ ಸೆರಗು ಅಡ್ಡ ಹಿಡಿಯೋಣವೆಂದರೆ ಕೈಯೆಲ್ಲ ಮಣ್ಣಾಗಿತ್ತು. ಬಂಗಾರಮ್ಮ ಅವ್ವನನ್ನು ಹೂವಿ ಎಂದೇ ಕರೆಯುತ್ತಿದ್ದಳು.

"ಹೂವೀ, ಹದ ನೋಡು. ಗಂಡನ್ನ ಬೇಕಾರೆ ಹಸೀದಾಗೇ ಒಪ್ಕಬೌದು, ಒಲೆ ಮಣ್ಣು ಹದ ಬರ್ಬೇಕು ಕಣೆ."

"ಮಕ್ಕಳೆದ್ರಿಗೆ ಎಂತ ಮಾತಾಡ್ತಿ ನೀನು."

"ಗೌರಿಗೆಂತ ತಿಳೀತದೆ. ಏ ಗೌರೀ, ನಿಂಗೆ ತಿಳೀತನೆ?"

ತಿಳಿಯಲಿಲ್ಲ ಎಂದೆ. ಇಬ್ಬರೂ ಮತ್ತೆ ನಕ್ಕರು.

ಹೊಸ ಒಲೆಗೆ ಹೊಗೆ ಹೋಗುವ ಕೊಳವೆ ಇಡಬೇಕಿತ್ತು. ಕುಂಬಾರನಿಂದ ಮಾಡಿಸಿದ ಆ ಮಣ್ಣಿನ ಕೊಳವೆಯನ್ನು ಗೋಡೆಗೆ ಒರಗಿಸಿ ಮಾಡಿನ ಹೆಂಚು ಸರಿಸಿ ಹೊರಗೆ ಹಾಯಿಸಬೇಕು. ಹಳೆಯ ಒಲೆಯಿದ್ದದ್ದು ಗೋಡೆಯಿಂದ ದೂರ, ಕೋಣೆಯ ನಡುವಿನಲ್ಲಿ. ಆ ಜಾಗ ಇದಕ್ಕೆ ಆಗದು. ಬಂಗಾರಮ್ಮ ಮೂಡು ಗೋಡೆಯ ಬುಡವನ್ನು ತೋರಿಸಿ ಹೇಳಿದಳು:

"ಇಲ್ಲಿ ಹಾಕನ. ಒಣಗಕ್ಕೆ ಹೊತ್ತು ಬೇಕು. ಅಲ್ಲಿತನ್ಕ ಹಳೇದ್ರಲ್ಲೇ ಬೇಯ್ಸು, ನೀರೊಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಸಾಯ್ಬೇಡ. ಇದು ಒಣಗಿದ್ ದಿನ ಅದನ್ನ ಒಡದ್ರಾಯ್ತು."

ಅವ್ವ ಹಳೆಯ ಒಲೆಯನ್ನೊಮ್ಮೆ, ಗೋಡೆಯ ಬುಡವನ್ನೊಮ್ಮೆ ನೋಡಿದಳು. ನಾನು ಆ ನೋಟವನ್ನು ಎಷ್ಟು ಸಲ ಕೆದಕಿ ನೋಡಿದ್ದೇನೋ. ಎರಡು ಒಲೆ ಒಟ್ಟಿಗಿದ್ದರೆ ಏನರ್ಥವೆಂದು ಅವಳಿಗೆ ಗೊತ್ತಿರಲಿಲ್ಲವೇ? ಊರಿಗೆ ಊರೇ ಬಲ್ಲ ಮಾತು ಅದು. ಚಿಕ್ಕವ್ವ ಬರುವುದರೊಳಗೆ ಒಣಗುತ್ತದೆ ಎಂದುಕೊಂಡಳೋ, ಅಥವಾ ಅವಳೊಳಗೆ ಎಲ್ಲೋ, ಅವಳಿಗೂ ಹೇಳಿಕೊಳ್ಳಲಾಗದ ಜಾಗದಲ್ಲಿ, ತನ್ನದೇ ಒಂದು ಒಲೆ ಬೇಕಿತ್ತೋ. ಅಪ್ಪನನ್ನು ಕೇಳಿದಾಗ ಅವನು ಎತ್ತಿನ ಕಾಲು ಉಜ್ಜುತ್ತ "ಹಾಕ್ಕಳಿ" ಎಂದ. ಅವನಿಗೆ ಅಡುಗೆಮನೆಯ ಮಾತು ಕಿವಿಗೆ ಹೋಗಲು ಎರಡು ಸಲ ಹೇಳಬೇಕಿತ್ತು. ಅವ್ವ ಒಂದೇ ಸಲ ಹೇಳಿದಳು.

ಒಲೆ ಎದ್ದಿತು. ಎರಡು ಪಾತ್ರೆ ಕೂರುವ, ಬಾಯಿ ಕಿರಿದಾದ, ಗೋಡೆಗೆ ಆತುಕೊಂಡ ಚಂದದ ಒಲೆ. ಕೊನೆಗೆ ಬಂಗಾರಮ್ಮ ಹಸಿ ಅಂಚಿನ ಸುತ್ತ ಹೆಬ್ಬೆರಳು ಒತ್ತುತ್ತ ಬಂದಳು, ಮುಳುಗಿದ ಊರಿನಲ್ಲಿ ಒಲೆಗಳಿಗೆ ಹಾಗೆ ಮಾಡುತ್ತಿದ್ದರಂತೆ. ಅರ್ಧ ಸುತ್ತು ಬಂದು ನಿಲ್ಲಿಸಿದಳು.

"ಉಳಿದಿದ್ದು ನೀನು ಒತ್ತು. ನಮ್ಮೂರು ಇನ್ನೆಲ್ಲಿ ಕಾಣಕ್ಕದೆ."

ಅವ್ವ ಒತ್ತಿದಳು. ಎಲ್ಲಿ ಒಬ್ಬಳ ಹೆಬ್ಬೆರಳು ಮುಗಿದು ಇನ್ನೊಬ್ಬಳದು ಶುರುವಾಯಿತೆಂದು ಆಮೇಲೆ ಹೇಳಲಾಗುತ್ತಿರಲಿಲ್ಲ. ಒಲೆ ಹಾಕಿದವಳಿಗೆ ಅದರ ಮೇಲೆ ಬೆಂದ ಮೊದಲ ಅನ್ನ ಬಡಿಸುವುದು ನಮ್ಮ ಪದ್ಧತಿ. ಬಂಗಾರಮ್ಮ ಕೈ ತೊಳೆದುಕೊಳ್ಳುತ್ತ, ಮೀನಿಲ್ಲದಿದ್ದರೆ ತಾನು ಎಲೆಯ ಮುಂದೆ ಕೂರುವುದಿಲ್ಲ ಎಂದು ಈಗಲೇ ಹೇಳಿಟ್ಟಿರುತ್ತೇನೆ ಎಂದಳು.

ಚಿಕ್ಕವ್ವ ಹೇಳಿದ್ದಕ್ಕಿಂತ ಮೊದಲೇ ಬಂದಳು. ಅವಳ ಅತ್ತಿಗೆಯೊಂದಿಗೆ ಏನೋ ಮಾತಾಗಿತ್ತಂತೆ. ಸೊಂಟದ ಮೇಲೆ ಗಂಟು, ಕೈಯಲ್ಲಿ ಒಣ ಸೀಗಡಿಯ ಪೊಟ್ಟಣ, ಹಿಂದೆ ಶಾರದೆ. ನೀರು ಕುಡಿಯಲೆಂದು ನೇರ ಅಡುಗೆಮನೆಗೆ ಬಂದವಳು ಬಾಗಿಲಲ್ಲೇ ನಿಂತಳು. ನಡುವೆ ಹಳೆಯ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಗೋಡೆಯ ಬುಡದಲ್ಲಿ ಹೊಸದು, ಇನ್ನೂ ಒಂದು ಕಡೆ ತೇವದ ಕಪ್ಪು ಬಣ್ಣ. ಶಾರದೆ ಈಗ ಸಾಗರದಲ್ಲಿದ್ದಾಳೆ, ಮೊಮ್ಮಕ್ಕಳನ್ನು ಕಂಡವಳು. ಅವಳ ಪ್ರಕಾರ ಹಳೆಯ ಒಲೆ ಆಗಲೇ ಅರ್ಧ ಒಡೆದಿತ್ತು, ಗಂಜಿ ಕುದಿಯುತ್ತಿದ್ದದ್ದು ಹೊಸದರ ಮೇಲೆ. ನಾವಿಬ್ಬರೂ ಇದರ ಬಗ್ಗೆ ಫೋನಿನಲ್ಲಿ ಜಗಳವಾಡಿದ್ದೇವೆ. ಚಿಕ್ಕವ್ವ ಆಡಿದ ಮಾತಿನ ಬಗ್ಗೆ ಮಾತ್ರ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ. ಅವಳು ಗಂಟನ್ನು ಕೆಳಗಿಡದೆ ಮೆಲ್ಲಗೆ ಕೇಳಿದಳು:

"ಇದ್ರಲ್ಲಿ ಯಾವ್ದಕ್ಕ ನಂದು?"

ಅವ್ವನಿಗೆ ಹೇಳಲು ಸಾಕಷ್ಟು ಇತ್ತು. ಕಣ್ಣಿನ ಮಾತು ಹೇಳಬಹುದಿತ್ತು, ಡಾಕ್ಟರ ಮಾತು ಹೇಳಬಹುದಿತ್ತು, ಎರಡೂ ನಿನ್ನದೇ ಎಂದು ಬೈಯಬಹುದಿತ್ತು. ಅವಳು ಸೌಟನ್ನು ಗಂಜಿಯಲ್ಲಿ ತಿರುವುತ್ತಲೇ ಇದ್ದಳು. ಗಂಜಿಗೆ ಅಷ್ಟು ತಿರುವುವುದು ಬೇಕಿರಲಿಲ್ಲ.

"ನಾ ಅತ್ಲಾಗೆ ಹೋದ ತಕ್ಷಣ ಬೇರೆ ಹೂಡಿದ್ರಿ. ಇದ್ದಾಗ್ಲೇ ಹೇಳಿದ್ರೆ ನಾನೇ ಮಣ್ಣು ತರ್ತಿದ್ನಲ್ಲ" ಎಂದು ಚಿಕ್ಕವ್ವ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದಾದ ಮೇಲೆ ಹೊಸ ಒಲೆ ಒಣಗಿತು, ಹಳೆಯದನ್ನು ಒಡೆಯುವವರು ಇರಲಿಲ್ಲ. ಅದು ತನ್ನ ಪಾಲಿಗೆ ಬಂದದ್ದು, ತನ್ನ ಅತ್ತೆ ಹಾಕಿದ್ದು, ಮುಟ್ಟಿದವರನ್ನು ಸುಮ್ಮನೆ ಬಿಡುವುದಿಲ್ಲ ಎಂದು ಚಿಕ್ಕವ್ವ ಸಾರಿಬಿಟ್ಟಳು. ಈ ಗಲಾಟೆಯಲ್ಲಿ ಬಂಗಾರಮ್ಮನಿಗೆ ಬಡಿಸಬೇಕಾದ ಮೊದಲ ಅನ್ನ ಬಾಕಿ ಉಳಿಯಿತು. ಪಾತ್ರೆಗಳು ಎರಡಾದವು. ಉಪ್ಪಿನ ಮರಿಗೆಯೊಂದೇ ಇದ್ದದ್ದರಿಂದ ಅದು ಮಧ್ಯದಲ್ಲಿ ಉಳಿಯಿತು. ಇಬ್ಬರೂ ಒಬ್ಬರಿಲ್ಲದಾಗ ಇನ್ನೊಬ್ಬರು ಹೋಗಿ ಉಪ್ಪು ತೆಗೆದುಕೊಳ್ಳುತ್ತಿದ್ದರು. ಗದ್ದೆಯಲ್ಲಿ ಅಪ್ಪ ಚಿಕ್ಕಪ್ಪ ಒಂದೇ ನೊಗದ ಹಿಂದೆ ನಡೆಯುತ್ತಿದ್ದರು. ಒಂದೇ ಕಡ್ಡಿಯಲ್ಲಿ ಎರಡು ಬೀಡಿ ಹಚ್ಚಿಕೊಳ್ಳುತ್ತಿದ್ದರು. ಮನೆಗೆ ಬಂದು ಕಾಲು ತೊಳೆದು ಒಳಗೆ ಕಾಲಿಟ್ಟೊಡನೆ ಒಬ್ಬ ಮೂಡಕ್ಕೆ, ಒಬ್ಬ ಪಡುವಕ್ಕೆ ತಿರುಗಿ ಕೂರುತ್ತಿದ್ದರು. ಇಬ್ಬರಿಗೂ ಕಾರಣ ಪೂರ್ತಿ ತಿಳಿದಿರಲಿಲ್ಲ ಎಂದು ಈಗ ಅನಿಸುತ್ತದೆ. ಕೇಳಲು ನಾಚಿಕೆ.

ನನ್ನ ನಾಚಿಕೆ ತಟ್ಟೆಯದು. ಅಲ್ಲಿಯತನಕ ನಾನೂ ಶಾರದೆಯೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಮಧ್ಯದಲ್ಲಿ ಅನ್ನದ ಬದು ಕಟ್ಟಿ ಆಚೆಯದು ಅವಳದು, ಈಚೆಯದು ನನ್ನದು ಎಂದು ಆಟವಾಡುತ್ತ ಕೊನೆಗೆ ಬದುವನ್ನೂ ತಿನ್ನುತ್ತಿದ್ದೆವು. ಈಗ ನಿಜವಾಗಿ ಬೇರೆ ಬೇರೆ ತಟ್ಟೆ, ಬೇರೆ ಬೇರೆ ಅನ್ನ. ಅವರ ಒಲೆಯಲ್ಲಿ ಸೀಗಡಿ ಹುರಿಯುವ ವಾಸನೆ ಬರುವಾಗ ನಮ್ಮಲ್ಲಿ ಬಸಳೆ. ಬಾಯಲ್ಲಿ ನೀರೂರುವುದು ಅವಳಿಗೆ ಕೇಳಿಸೀತೆಂದು ಹೆದರಿ ನಾನು ಬೇಗ ಬೇಗ ನುಂಗುತ್ತಿದ್ದೆ. ನಮ್ಮಲ್ಲಿ ಮೀನು ಮಾಡಿದ ದಿನ ಅವಳು ಗೋಡೆ ನೋಡುತ್ತ ಉಂಡಳು. ಆ ಮೀನಿನ ರುಚಿ ನನಗೆ ನೆನಪಿಲ್ಲ. ಮುಳ್ಳು ತೆಗೆದು ತಟ್ಟೆಯ ಅಂಚಿಗಿಡುವಾಗ ಟಣ್ಣೆಂದ ಸದ್ದು ನೆನಪಿದೆ. ತಿನ್ನುವುದು ಇಷ್ಟು ಸದ್ದಿನ ಕೆಲಸ ಎಂದು ನನಗೆ ತಿಳಿದದ್ದು ಆಗ. ಇಂದಿಗೂ ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತರೆ ನಾನು ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿಕೊಂಡು, ಕದ್ದವಳಂತೆ ಉಣ್ಣುತ್ತೇನೆ.

ಇನ್ನು ಹೊಗೆ. ಹೊಸ ಒಲೆ ತನ್ನ ಹೊಗೆಯನ್ನು ಅಚ್ಚುಕಟ್ಟಾಗಿ ಮಾಡಿನಾಚೆಗೆ ಕಳಿಸುತ್ತಿತ್ತು. ಹಳೆಯದು ಕೋಣೆ ತುಂಬ ಬಿಡುತ್ತಿತ್ತು. ಯಾರಿಗಾಗಿ ಒಲೆ ಹಾಕಿದ್ದೋ ಆ ಅವ್ವ ಹೊಗೆಯಿಲ್ಲದ ಒಲೆಯ ಮುಂದೆ ಕೂತು ಮೊದಲಿನಂತೆಯೇ ಕಣ್ಣು ಉಜ್ಜಿಕೊಳ್ಳುತ್ತಿದ್ದಳು.

ಹೊಸ ಒಲೆಗೆ ಬಂಗಾರಮ್ಮನಿಗೂ ತಿಳಿಯದಿದ್ದ ಒಂದು ಗುಣವಿತ್ತು. ಕೊಳವೆ ಗಾಳಿ ಎಳೆಯುವುದರಿಂದ ರಾತ್ರಿ ಬೂದಿ ಮುಚ್ಚಿಟ್ಟ ಕೆಂಡ ಬೆಳಗಿನೊಳಗೆ ಪೂರ್ತಿ ಉರಿದುಹೋಗುತ್ತಿತ್ತು. ಅವಳ ಮನೆಯದು ಮೋಟು ಕೊಳವೆ, ಅಷ್ಟು ಎಳೆಯುತ್ತಿರಲಿಲ್ಲ. ಹಳೆಯ ಒಲೆಗಂತೂ ಎಷ್ಟೋ ವರ್ಷದಿಂದ ಬೆಂಕಿಕಡ್ಡಿಯೇ ಬೇಕಾಗಿರಲಿಲ್ಲ. ನಿನ್ನೆಯ ಕೆಂಡದಿಂದ ಇಂದಿನ ಉರಿ. ನಮ್ಮ ಮನೆಯಲ್ಲಿ ಕಡ್ಡಿಪೆಟ್ಟಿಗೆ ಅಪ್ಪನ ಬೀಡಿಗೆ ಇದ್ದದ್ದು, ಒಲೆಗೆ ಕಡ್ಡಿ ಗೀರುವುದು ಕೈಲಾಗದ ಹೆಂಗಸಿನ ಲಕ್ಷಣ. ಒಲೆ ಆರಿದರೆ ಪಕ್ಕದ ಮನೆಯಿಂದ ಕೆಂಡ ತರಬೇಕು. ಅವ್ವನ ಕೈಗೆ ಸಿಗುವಷ್ಟು ಹತ್ತಿರದಲ್ಲಿ ಚಿಕ್ಕವ್ವನ ಒಲೆ ಉರಿಯುತ್ತಿತ್ತು. ಅವ್ವ ಒಡಕು ಮಡಕೆಯ ತಳಕ್ಕೆ ಬೂದಿ ಹಾಸಿ ನನ್ನ ಕೈಗೆ ಕೊಟ್ಟು, ಗದ್ದೆ ದಾಟಿ ಬಂಗಾರಮ್ಮನ ಮನೆಯಿಂದ ಕೆಂಡ ತರಲು ಕಳಿಸುತ್ತಿದ್ದಳು.

ಬೆಳಗಿನ ಹೊತ್ತು ಕೆಂಡ ಹಿಡಿದು ಬದುವಿನ ಮೇಲೆ ಬರುವ ನನ್ನನ್ನು ಊರೆಲ್ಲ ನೋಡುತ್ತಿತ್ತು. ಒಡೆಯರ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಕರಿಯಣ್ಣ ಒಮ್ಮೆ ಕರೆದು ಕೇಳಿದ:

"ಎಂತ ಗೌರೀ, ನಿಮ್ಮನೆ ಮಾಡಿನ್ ಮೇಲೆ ಆಗ್ಲೇ ಹೊಗೆ ಎದ್ದದೆ. ನೀ ಯಾರ್ ಮನೆಗೆ ಬೆಂಕಿ ತಗಂಡ್ ಹೋಗ್ತಿದ್ದಿ?"

"ನಮ್ಮನೆಗೆ."

"ಮತ್ತೆ ಆ ಹೊಗೆ ಯಾರ್ದು?"

ನಾನು ಓಡಿದೆ. ಓಡಿದರೆ ಗಾಳಿಗೆ ಕೆಂಡ ಕೆಂಪಾಗಿ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಕೆಲವು ದಿನ ಹೀಗೆ ನಡೆದ ಮೇಲೆ ಒಂದು ಬೆಳಿಗ್ಗೆ ಬಂಗಾರಮ್ಮ ನನ್ನನ್ನು ಹೊಸಿಲಿನಲ್ಲೇ ತಡೆದಳು. ಅವಳ ಹಿಂದೆ ಒಲೆ ಧಗಧಗ ಉರಿಯುತ್ತಿತ್ತು, ಮೇಲಿನ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು.

"ಹೋಗಿ ನಿಮ್ಮವ್ವಂಗೆ ಹೇಳು. ಬಂಗಾರಿ ಮನೇಲಿ ಬೆಂಕಿ ಇಲ್ಲ ಅಂತ."

ನಾನು ಅವಳ ಬಗಲಿನ ಸಂದಿಯಲ್ಲಿ ಉರಿಯನ್ನೇ ನೋಡುತ್ತಿದ್ದೆ. ಅವಳೂ ನನ್ನ ಕಣ್ಣು ಹೋದಲ್ಲಿಗೆ ತಿರುಗಿ ನೋಡಿದಳು.

"ಕಂಡದ್ದೆಲ್ಲ ಹೇಳಕ್ಕೆ ಹೋಗ್ಬೇಡ. ಇಲ್ಲ ಅಂದ್ಲು ಅನ್ನು, ಸಾಕು. ಒಂದೇ ಕೋಣೇಲಿ ಬೆಂಕಿ ಇಟ್ಕಂಡು ಎಷ್ಟ್ ದಿನ ಇಲ್ಲಿಗೆ ಕಳಿಸ್ತಾಳೆ ನೋಡ್ತೀನಿ."

ಖಾಲಿ ಮಡಕೆಚೂರು ಹಿಡಿದು ಮನೆಗೆ ಬಂದೆ. ಅಡುಗೆಮನೆಯಲ್ಲಿ ಇಬ್ಬರೂ ಇದ್ದರು. ಇಲ್ಲಿ ಕೋಣೆ ನನ್ನ ನಕ್ಷೆಯಲ್ಲಿ ಅತಿ ದೊಡ್ಡದಾಗುತ್ತದೆ. ಬಂಗಾರಮ್ಮನ ಮನೆಯಲ್ಲಿ ಬೆಂಕಿ ಇಲ್ಲವಂತೆ ಎಂದೆ. ಚಿಕ್ಕವ್ವ ತಿರುಗಿ ನೋಡದೆ ಹೇಳಿದಳು:

"ಕೊಡ್ಲಿಲ್ವ? ಮನೆ ಒಡಿಯಕ್ಕೆ ಮಣ್ಣು ಕಲಸ್ದೋಳು ಕೆಂಡ ಕೊಡ್ತಾಳನೆ. ತಾ ಇಲ್ಲಿ."

ನಾನು ಅವ್ವನನ್ನು ನೋಡಿದೆ. ಅವ್ವ ತಡೆಯಲಿಲ್ಲ. ಚಿಕ್ಕವ್ವ ಚೂರನ್ನು ತೆಗೆದುಕೊಂಡು ಇಕ್ಕಳದಲ್ಲಿ ಒಂದು ಕೆಂಡ ಎತ್ತಿದಳು, ಎತ್ತಿ ಹಾಗೇ ಹಿಡಿದುಕೊಂಡಳು. ಅವಳ ದನಿ ಬದಲಾಯಿತು.

"ಅಕ್ಕ, ಇದು ನಿನ್ ಬುದ್ಧಿ ಅಲ್ಲ, ಅವಳ್ದು ಅಂತ ನಂಗೆ ಅವತ್ತೇ ಗೊತ್ತು. ತಾನು ಮನೆ ಒಡ್ದಿದ್ದು ಸಾಲ್ದೆ ನಿನ್ ತಲೇನೂ ಕೆಡಿಸಿದ್ಲು. ಹೌದೋ ಅಲ್ವೋ, ಅಷ್ಟ್ ಹೇಳ್ಬಿಡು. ನಂಗೆ ಮತ್ತೆಂತದೂ ಬ್ಯಾಡ."

ಅದು ಮೋಸದ ಮಾತಾಗಿರಲಿಲ್ಲ. ಚಿಕ್ಕವ್ವನಿಗೂ ಸಾಕಾಗಿತ್ತು. ಅವಳು ಅವ್ವನಿಗೆ ಹೊರಬರಲು ಒಂದು ಬಾಗಿಲು ತೆರೆದು ಹಿಡಿದಿದ್ದಳು. ಆ ಬಾಗಿಲಿನಿಂದ ಅವ್ವ ಹೊರಗೆ ಬರಬೇಕಾದರೆ ಇನ್ನೊಬ್ಬಳನ್ನು ತುಳಿದು ಬರಬೇಕಿತ್ತು, ಅಷ್ಟೆ.

ಅವ್ವ "ಹೂಂ" ಎಂದಳು.

ಕೆಂಡ ಬೂದಿಯ ಮೇಲೆ ಬಿತ್ತು.

ಅಂದೇ ಮಧ್ಯಾಹ್ನ ಅಪ್ಪ ಚಿಕ್ಕಪ್ಪ ಸೇರಿ ಹಳೆಯ ಒಲೆಯನ್ನು ಒಡೆದರು. ಮೊದಲ ಏಟು ನೀನು ಹಾಕು, ನೀನು ಹಾಕು ಎಂದು ಮದುವೆಮನೆಯ ಬೀಗರಂತೆ ಉಪಚಾರ ಮಾಡಿಕೊಂಡರು. ಹೊಸ ಒಲೆಯ ಮೇಲೆ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಅನ್ನವಾಯಿತು. ನಾನೂ ಶಾರದೆಯೂ ಒಂದೇ ತಟ್ಟೆಯಲ್ಲಿ ಕೂತೆವು, ಬದು ಕಟ್ಟುವ ಆಟವನ್ನು ಇಬ್ಬರೂ ಆಡಲಿಲ್ಲ. ಊಟದುದ್ದಕ್ಕೂ ಬಂಗಾರಮ್ಮನ ಮಾತು. ಗಂಡನ ಮನೆ ಮುರಿದವಳು, ಇವರ ಮನೆಗೂ ಕೈ ಹಾಕಿದಳು, ದೇವರು ದೊಡ್ಡವನು. ಚಿಕ್ಕಪ್ಪ ನಗಿಸಿದ, ಅಪ್ಪ ನಕ್ಕ. ಅಷ್ಟು ದಿನದ ಮೇಲೆ ಮನೆಯವರೆಲ್ಲ ಒಟ್ಟಾಗಿ ಒಂದು ಮಾತಿಗೆ ನಕ್ಕಿದ್ದು ಅದೇ. ಅವ್ವ ಎಲ್ಲರಿಗೂ ಎರಡನೇ ಸಲ ಅನ್ನ ಬಡಿಸಿದಳು. ಎಲೆಯ ಮುಂದೆ ಕೂರಬೇಕಾದವಳು ಯಾರೆಂದು ಯಾರೂ ನೆನೆಯಲಿಲ್ಲ.

ಮಾತು ಊರಿಗೆ ಹೋಯಿತು. ಊರಿಗೆ ಅದು ಮೊದಲೇ ಗೊತ್ತಿದ್ದ ಮಾತು, ಸಾಕ್ಷಿಯೊಂದು ಸಿಕ್ಕಿತು.

ಬಂಗಾರಮ್ಮ ಒಂದು ದಿನ ನಮ್ಮ ಅಂಗಳಕ್ಕೆ ಬಂದಳು. ಒಳಗೆ ಬರಲಿಲ್ಲ, ಒನಕೆ ಒರಗಿಸಿಡುವ ಕಂಬದ ಹತ್ತಿರ ನಿಂತಳು. ಅವ್ವ ಕೈ ಒರೆಸಿಕೊಳ್ಳುತ್ತ ಜಗಲಿಗೆ ಬಂದು ಒಮ್ಮೆ ಹಿಂದೆ ನೋಡಿ ತಗ್ಗಿದ ದನಿಯಲ್ಲಿ, "ಸಣ್ಣಮ್ಮ ಒಳಗಿದಾಳೆ" ಎಂದಳು. ಸಣ್ಣಮ್ಮ ನನ್ನ ಚಿಕ್ಕವ್ವನ ಹೆಸರು. ಬಾ ಎನ್ನಲಿಲ್ಲ, ಕೂರು ಎನ್ನಲಿಲ್ಲ. ಬಂಗಾರಮ್ಮ ಅವಳ ಮುಖ ನೋಡಿದಳು. ಬೈಯುತ್ತಾಳೆ ಎಂದು ನಾನು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಹೊಗೆ ಎಳೀತದ?"

"ಎಳೀತದೆ."

"ಕಣ್ಣು?"

"ಅಡ್ಡಿಲ್ಲ."

"ಹಂಗಾರೆ ಸೈ" ಎಂದು ಅವಳು ಹೋದಳು. ಗದ್ದೆಯ ಬದು ಹತ್ತಿ ಅವಳು ಕಾಣದಾಗುವ ತನಕ ಅವ್ವ ಅಲ್ಲೇ ನಿಂತಿದ್ದಳು ಎಂದು ಬರೆಯಲು ಕೈ ಮುಂದಾಗುತ್ತದೆ. ನಿಂತಿರಲಿಲ್ಲ. ಒಳಗಿನಿಂದ ಚಿಕ್ಕವ್ವ "ಯಾರಕ್ಕ ಅದು?" ಎಂದು ಕೂಗಿದಳು, ಅವ್ವ "ಯಾರಿಲ್ಲ" ಎಂದು ಒಳಗೆ ಹೋದಳು.

ಅವ್ವನ ಕಣ್ಣು ಉಳಿಯಿತು. ಮುದುಕಿಯಾದ ಮೇಲೂ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು. ಅವಳೂ ಚಿಕ್ಕವ್ವನೂ ಕೊನೆಯ ತನಕ ಒಂದೇ ಒಲೆಯಲ್ಲಿ ಬೇಯಿಸಿದರು. ಊರಿನವರು ಬೇರೆ ಸೊಸೆಯರಿಗೆ ಅವರನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಬಂಗಾರಮ್ಮ ನಮ್ಮ ಮನೆಯ ಹೊಸಿಲನ್ನು ಮತ್ತೆ ದಾಟಲಿಲ್ಲ.

ಆ ಒಲೆಯ ಅಂಚಿನ ಹೆಬ್ಬೆರಳ ಗುರುತುಗಳ ಬಗ್ಗೆ ಶಾರದೆಯನ್ನು ಕೇಳಿದೆ. ಅಂಥದ್ದೇನೂ ಇರಲಿಲ್ಲ, ಒಲೆಯ ಅಂಚು ನುಣ್ಣಗಿತ್ತು ಎಂದಳು. ಇದ್ದವು ಎಂದು ನಾನು ಹಟ ಹಿಡಿದೆ. ಅವ್ವ ದಿನಾ ಬೆಳಿಗ್ಗೆ ಒಲೆ ಸಾರಿಸುವಾಗ ಆ ಗುಳಿಗಳನ್ನು ತಪ್ಪಿಸಿ ಸಾರಿಸುತ್ತಿದ್ದಳೆಂದು ಎಷ್ಟೋ ವರ್ಷ ನಾನು ನಂಬಿದ್ದೆ, ಒಬ್ಬಿಬ್ಬರಿಗೆ ಹೇಳಿಯೂ ಇದ್ದೆ. ಆದರೆ ಕೆಮ್ಮಣ್ಣು, ಸಗಣಿ ಕದಡಿದ ನೀರಿನಲ್ಲಿ ಬಟ್ಟೆ ಅದ್ದಿ ಅವಳು ಒಲೆಯ ಮೇಲೆ ಎಳೆಯುತ್ತಿದ್ದುದನ್ನು ಈಗ ಮತ್ತೆ ಕಣ್ಣ ಮುಂದೆ ತಂದುಕೊಂಡರೆ, ಕೈ ಎಲ್ಲೂ ತಪ್ಪಿಸಿ ಹೋಗುವುದಿಲ್ಲ. ಒಂದೇ ಎಳೆತ, ಅಂಚಿನ ಈ ತುದಿಯಿಂದ ಆ ತುದಿಗೆ. ಶಾರದೆ ಕಂಡದ್ದೂ ನಿಜವೇ ಇರಬೇಕು. ದಿನಾ ಸಾರಿಸಿದರೆ ಗುಳಿ ತುಂಬಿಹೋಗುತ್ತದೆ.